ಡೇರೆ ಗೆಡ್ಡೆಗೆ ಹೆಸರಿಡೋ ಮೊದ್ಲು: ಯಾವ ಥರ ಸಂಘ, ಯಾವ ರಿಜಿಸ್ಟರು?

ಹೋದ ವರ್ಷ ಚೌತಿ ಹೊತ್ತಿಗೆ ನಮ್ಮನೆ ಅಂಗಳದಲ್ಲಿ ಐದಾರು ಜನ ಹೆಂಗಸ್ರು ಕೂತ್ಕೊಂಡು ಒಂದೇ ಡೇರೆ (ಡೇಲಿಯಾ) ಹೂವಿಗೆ ಮೂರು ಹೆಸರು ಹೇಳಿ ಜಗಳ ಆಡಿದ್ವಿ, ತಮಾಷೆಗಲ್ಲ, ನಿಜವಾಗ್ಲೂ. ಕಡು ಮೆರೂನ್ ಎಸಳು, ತುದಿ ಮಾತ್ರ ಸುಣ್ಣದಲ್ಲಿ ಅದ್ದಿ ತೆಗೆದ ಹಂಗೆ ಬಿಳಿ. ಹೊಸನಗರ ಕಡೆಯ ಅತ್ತಿಗೆ ಅದಕ್ಕೆ ಸುಣ್ಣದ ಡೇರೆ ಅಂತಾರೆ, ತೀರ್ಥಹಳ್ಳಿಯಿಂದ ಬಂದ ಚಿಕ್ಕಮ್ಮ ಕವಳದ ಡೇರೆ ಅಂದ್ರು, ಕವಳ ಅಂದ್ರೆ ಎಲೆ ಅಡಿಕೆ, ಅದನ್ನ ಹಾಕಿದ ಬಾಯಿ ಥರ ಕೆಂಪಂತೆ. ಮೂರನೆಯವರು ಫೋನ್ ತೆಗೆದು ಪೇಟೆ ನರ್ಸರಿಯೊಂದರಲ್ಲಿ ತಗೊಂಡ ಗಿಡದ ಫೋಟೋ ತೋರಿಸಿದ್ರು, ಅದರ ಚೀಟಿ ಮೇಲೆ ಯಾವುದೋ ಸಿನಿಮಾ ನಟಿ ಹೆಸರು, ದರ 150. ನನಗೆ ಹೊಟ್ಟೆ ಉರೀತು. ಯಾಕಂದ್ರೆ ಆ ಗಿಡ 2019ರಲ್ಲಿ ನಮ್ಮ ಕೊಟ್ಟಿಗೆ ಹಿಂದೆ ಬೀಜದಿಂದ ಎದ್ದಿದ್ದು, ಬೀಜ ಹಾಕಿದ್ದೂ ನಾನೇ, ಆಮೇಲೆ ಗೆಡ್ಡೆ ಕೇಳಿದವರಿಗೆಲ್ಲ ಹಂಚಿದ್ದೂ ನಾನೇ. ಆದ್ರೆ ಅದನ್ನ ತೋರಿಸೋಕೆ ನನ್ನ ಹತ್ರ ಏನಿತ್ತು? ಅಡಿಕೆ ಹಾಳೆ ಚೂರಿನ ಮೇಲೆ ಸ್ಕೆಚ್ ಪೆನ್ನಲ್ಲಿ ಬರೆದು ಗೂಟಕ್ಕೆ ಕಟ್ಟಿದ್ದೆ, ಅದು ಆರಿದ್ರಾ ಮಳೆ ದಾಟೋ ಹೊತ್ತಿಗೆ ಅಳಿಸಿ ಹೋಗಿತ್ತು.

ಅವತ್ತಿಂದ ಶುರುವಾಯ್ತು ನೋಡಿ, "ಒಂದು ಸಂಘ ಮಾಡಿ ರಿಜಿಸ್ಟರ್ ಮಾಡ್ಸಿಬಿಡೋಣ" ಅನ್ನೋ ಮಾತು. ಎಲ್ಲರೂ ರಿಜಿಸ್ಟರ್ ರಿಜಿಸ್ಟರ್ ಅಂತಿದ್ರು, ಆದ್ರೆ ಒಬ್ಬೊಬ್ಬರ ತಲೇಲಿ ಒಂದೊಂದು ಅರ್ಥ. ಒಬ್ಬರಿಗೆ ಸಂಘದ ನೋಂದಣಿ, ಒಬ್ಬರಿಗೆ ಹೂವಿನ ಹೆಸರಿನ ನೋಂದಣಿ, ಇನ್ನೊಬ್ಬರಿಗೆ "ನಮ್ಮ ಗಿಡ ಬೇರೆಯವರು ಮಾರಬಾರದು" ಅನ್ನೋ ಹಕ್ಕಿನ ನೋಂದಣಿ. ಈ ಮೂರೂ ಬೇರೆ ಬೇರೆ, ಬೇರೆ ಬೇರೆ ಕಡೆ ಆಗೋದು, ಒಂದಾದ್ರೆ ಇನ್ನೊಂದು ತಾನಾಗಿ ಆಗಲ್ಲ. ಇದು ತಲೆಗೆ ಹತ್ತೋಕೆ ನಮಗೆ ಒಂದು ಮಳೆಗಾಲ ಬೇಕಾಯ್ತು. ಡೇರೆ, ದಾಸವಾಳ, ಗುಲಾಬಿ, ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕೋ ಮಾವಿನ ಮಿಡಿ), ಹಲಸು ಅಂತ ಮನೆ ಹಿತ್ಲಲ್ಲಿ ಬೀಜ ಹಾಕಿ ಹೊಸದು ಹುಡುಕೋ ಹುಚ್ಚು ಇರೋರು ಮಲೆನಾಡಲ್ಲಿ ಕಮ್ಮಿ ಇಲ್ಲ, ಅವರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಮೊದ್ಲು ಒಂದು ವಿಷ್ಯ ಹೇಳಿಬಿಡ್ತೀನಿ, ಹೊಸಬರು ಇಲ್ಲೇ ಎಡವೋದು. ಡೇರೆ ಗೆಡ್ಡೆಯಿಂದಲೋ ಕುಡಿ ನೆಟ್ಟೋ ಬಂದ ಗಿಡ ತಾಯಿ ಗಿಡದ ಪಡಿಯಚ್ಚು. ಬೀಜದಿಂದ ಬಂದಿದ್ದು ಹಂಗಲ್ಲ, ಒಂದೇ ಹೂವಿನ ಹತ್ತು ಬೀಜ ಹಾಕಿದ್ರೆ ಹತ್ತು ಥರ ಬರತ್ತೆ. ನಾವು ಬೆಳೆಯೋ ಡೇರೆಗೆ ಕ್ರೋಮೋಸೋಮ್ ಕಟ್ಟು ಎರಡಲ್ಲ, ಎಂಟು, ಒಟ್ಟು 64 ಕ್ರೋಮೋಸೋಮ್, ಹಂಗಾಗಿ ಇಸ್ಪೀಟು ಕಲಸಿದ ಹಾಗೆ ಪ್ರತಿ ಸಲ ಬೇರೆ ಕೈ ಬೀಳತ್ತೆ. ಅದ್ರಿಂದ ಹೆಸರು ಇಡೋದು ಆ ಒಂದು ಬೀಜದ ಗಿಡಕ್ಕೆ ಮತ್ತೆ ಅದರ ಗೆಡ್ಡೆ, ಕುಡಿಯಿಂದ ಬಂದ ಸಂತಾನಕ್ಕೆ ಮಾತ್ರ. "ಸುಣ್ಣದ ಡೇರೆ ಬೀಜ" ಅಂತ ಪೊಟ್ಟಣ ಕಟ್ಟಿ ಕೊಟ್ರೆ ಅದರಲ್ಲಿ ಸುಣ್ಣದ ಡೇರೆ ಇರಲ್ಲ.

ಸಂಘ: ಯಾವ ಥರದ್ದು ಬೇಕು?

ನಮ್ಮ ಮುಂದೆ ಐದು ದಾರಿ ಇತ್ತು. ಸುಮ್ಮನೆ ವಾಟ್ಸಾಪ್ ಗುಂಪು, ಸೊಸೈಟಿ ಕಾಯ್ದೆ ಕೆಳಗೆ ಸಂಘ, ಟ್ರಸ್ಟು, ಸೆಕ್ಷನ್ 8 ಕಂಪನಿ (ಲಾಭ ಹಂಚದ ಕಂಪನಿ), ಕೊನೆಗೆ ಸೌಹಾರ್ದ ಸಹಕಾರಿ ಅಥವಾ ಉತ್ಪಾದಕರ ಕಂಪನಿ.

ಗುಂಪಿನ ಬಗ್ಗೆ ಕೀಳಾಗಿ ಮಾತಾಡೋರು ಜಾಸ್ತಿ, ನಾನು ಹಂಗೆ ಹೇಳಲ್ಲ. ನಾವು 14 ಮನೆ, ವರ್ಷಕ್ಕೆ ಮನೆಗೆ 200 ರೂಪಾಯಿ, ಒಬ್ಬರ ಮನೇಲಿ ಒಂದು ಲೆಡ್ಜರ್ ಪುಸ್ತಕ. ಇಷ್ಟರಲ್ಲೇ ಎರಡು ವರ್ಷ ಚೆನ್ನಾಗೇ ನಡೀತು. ಯಾವ ಕಚೇರಿಗೂ ಹೋಗೋದಿಲ್ಲ, ಆಡಿಟ್ ಇಲ್ಲ, ಸಭೆಗೆ ಕೋರಂ ಇಲ್ಲ, ಅವಲಕ್ಕಿ ಚಹಾ ಇದ್ರೆ ಸಭೆ. ತೊಂದ್ರೆ ಎರಡೇ. ಒಂದು, ದುಡ್ಡು. ಗುಂಪಿನ ಹೆಸರಲ್ಲಿ ಬ್ಯಾಂಕ್ ಖಾತೆ ತೆಗೆಯೋಕೆ ಹೋದ್ರೆ ನೋಂದಣಿ ಪತ್ರ ಕೇಳ್ತಾರೆ, ಹಂಗಾಗಿ ಯಾರದೋ ಸ್ವಂತ ಖಾತೇಲಿ ಇರತ್ತೆ, ನಾಳೆ ಅವರಿಗೇನಾದ್ರೂ ಆದ್ರೆ ಆ ಮನೆಯವರ ಹತ್ರ ಹೋಗಿ "ಅದರಲ್ಲಿ ನಮ್ಮ ಡೇರೆ ದುಡ್ಡಿದೆ" ಅಂತ ಕೇಳೋಕೆ ಬಾಯಿ ಬರತ್ತಾ? ಎರಡು, ಜಗಳ. ಗೆಡ್ಡೆ ವಿಷಯದ ಜಗಳ ಸಣ್ಣದಲ್ಲ ಮಾರಾಯ್ರೆ, ಎರಡು ಮನೆ ನಡುವೆ ಮಾತು ನಿಂತಿದ್ದು ನಾನೇ ನೋಡಿದೀನಿ.

ಮುಂದಿನ ಮೆಟ್ಟಿಲು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960. ಇದಕ್ಕೆ ಕಮ್ಮಿ ಅಂದ್ರೆ ಏಳು ಜನ ಬೇಕು. ಉದ್ದೇಶ ಬರೆದ ಒಂದು ಪತ್ರ, ನಿಯಮಾವಳಿ ಅಂದ್ರೆ ಬೈಲಾ, ಪದಾಧಿಕಾರಿಗಳ ಪಟ್ಟಿ, ಕಚೇರಿ ವಿಳಾಸ ಕೊಟ್ಟು ಸಂಘಗಳ ನೋಂದಣಾಧಿಕಾರಿ ಹತ್ರ ಅರ್ಜಿ ಹಾಕೋದು. ಆಮೇಲೆ ಸಂಘದ ಹೆಸರಲ್ಲೇ ಖಾತೆ, ಸಂಘದ ಹೆಸರಲ್ಲೇ ವಸ್ತು. ನನಗೆ ಇಷ್ಟ ಆಗಿದ್ದು ಏನಂದ್ರೆ ಇಲ್ಲಿ ಸದಸ್ಯರೇ ಮಾಲೀಕರು ಇದ್ದ ಹಾಗೆ, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಲೆಕ್ಕ ಓದ್ಬೇಕು, ಬೇಡದ ಕಾರ್ಯದರ್ಶಿನ ಇಳಿಸಬಹುದು. ಬೇಜಾರು ಏನಂದ್ರೆ ಅದೇ ಲೆಕ್ಕ, ಅದೇ ಪಟ್ಟಿ ಪ್ರತಿ ವರ್ಷ ಕಚೇರಿಗೆ ಹೋಗ್ಬೇಕು, ಮೂರ್ನಾಲ್ಕು ವರ್ಷ ಸುಮ್ಮನೆ ಬಿಟ್ರೆ ಆಮೇಲೆ ದಂಡ, ಅಲೆದಾಟ. ಊರಲ್ಲಿ ಬೋರ್ಡ್ ಮಾತ್ರ ಉಳಿದು ಒಳಗೆ ಉಸಿರಿಲ್ಲದ ಸಂಘ ಎಷ್ಟಿಲ್ಲ ಹೇಳಿ. ಇನ್ನೊಂದು ಮುಖ್ಯ: ಇಲ್ಲಿ ಉಳಿಕೆ ದುಡ್ಡನ್ನ ಸದಸ್ಯರು ಹಂಚ್ಕೊಳ್ಳೋ ಹಾಗಿಲ್ಲ.

ಟ್ರಸ್ಟು ಸುಲಭ ಅಂತ ವಕೀಲರು ಹೇಳ್ತಾರೆ, ಹೌದು, ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಒಂದು ಪತ್ರ ಮಾಡಿದ್ರೆ ಮುಗೀತು. ಆದ್ರೆ ಟ್ರಸ್ಟಲ್ಲಿ ಟ್ರಸ್ಟಿಗಳದ್ದೇ ಮಾತು, ಉಳಿದ ಹತ್ತು ಮನೆ ಹೆಂಗಸ್ರಿಗೆ ವೋಟು ಇಲ್ಲ. ಯಾರೋ ಒಬ್ಬರು ತೋಟ ಬರೆದುಕೊಟ್ಟು "ಇದು ಶಾಶ್ವತವಾಗಿ ಗಿಡ ಉಳಿಸೋಕೆ" ಅಂದ್ರೆ ಟ್ರಸ್ಟು ಸರಿ. ನಮ್ಮಂಥ ಗುಂಪಿಗಲ್ಲ. ಸೆಕ್ಷನ್ 8 ಕಂಪನಿ ಬಗ್ಗೆ ಜಾಸ್ತಿ ಬರೆಯಲ್ಲ, ದೊಡ್ಡ ದೇಣಿಗೆ ತರೋ ಯೋಜನೆ ಇದ್ದು ಸಿಎ ಒಬ್ಬರು ಗುಂಪಲ್ಲೇ ಇದ್ರೆ ನೋಡಿ, ಇಲ್ಲಾಂದ್ರೆ ವರ್ಷದ ಫೈಲಿಂಗಿಗೇ ಡೇರೆ ಗೊಬ್ಬರದ ದುಡ್ಡು ಹೋಗತ್ತೆ.

ಗೆಡ್ಡೆ, ಕಸಿ ಗಿಡ ಮಾರಿ ಬಂದ ಲಾಭ ಹಂಚ್ಕೊಳ್ಬೇಕು ಅನ್ನೋ ಆಸೆ ನಿಜವಾಗ್ಲೂ ಇದ್ರೆ ಅದನ್ನ ಮೊದಲೇ ಬಾಯಿಬಿಟ್ಟು ಹೇಳಿ, ಯಾಕಂದ್ರೆ ಆಗ ದಾರಿಯೇ ಬೇರೆ. 1997ರ ಸೌಹಾರ್ದ ಕಾಯ್ದೆ ಕೆಳಗೆ ಸಹಕಾರಿ, ಅಥವಾ ಉತ್ಪಾದಕರ ಕಂಪನಿ, ಎರಡಕ್ಕೂ ಹತ್ತು ಜನ ಬೇಕು. ಅಪ್ಪೆಮಿಡಿ ಕಸಿ ಗಿಡ ಮಾಡಿ ಮಾರೋ ನರ್ಸರಿ ಕನಸಿದ್ರೆ ಇದು. ಹವ್ಯಾಸಕ್ಕೆ ಅಂತ ಸಂಘ ಮಾಡಿ ಹಿಂಬಾಗಿಲಲ್ಲಿ ಮಾರಾಟ ಮಾಡೋದು ಮಾತ್ರ ಬೇಡ, ಖಜಾಂಚಿ ಆದೋರು ಪಾಪ ಸಿಕ್ಕಿ ಹಾಕ್ಕೊಳ್ತಾರೆ.

ನನ್ನ ಅಭಿಪ್ರಾಯ ಕೇಳಿದ್ರೆ ಎರಡು ಮಳೆಗಾಲ ಗುಂಪಾಗೇ ಇರಿ. ಆಮೇಲೂ ಜನ ಬರ್ತಿದ್ರೆ 1960ರ ಕಾಯ್ದೆ. ನಾವು ಈಗ ಅಲ್ಲಿಗೆ ಬಂದು ನಿಂತಿದೀವಿ, ಅದಕ್ಕೆ ತಳ್ಳಿದ್ದು ಜಗಳ ಅಲ್ಲ, ಒಂದು ಬಣ್ಣದ ಚಾರ್ಟು, ಅದರ ಕಥೆ ಕೆಳಗೆ ಬರತ್ತೆ.

ಬೈಲಾ ಬರೆಯುವಾಗ ಸಿಗೋ ಮಾದರಿ ಕಾಪಿಗಳಲ್ಲಿ ಕೋರಂ, ನೋಟಿಸು ಎಲ್ಲಾ ಇರತ್ತೆ, ಗಿಡದ ವಿಷಯ ಒಂದೂ ಇರಲ್ಲ. ಅದನ್ನ ನೀವೇ ಸೇರಿಸ್ಬೇಕು. ಸದಸ್ಯರು ಬೀಜದಿಂದ ಎಬ್ಬಿಸಿದ ಗಿಡ ಸದಸ್ಯರದ್ದೇ, ಸಂಘದ್ದಲ್ಲ ಅನ್ನೋದು ಒಂದು. ಪರೀಕ್ಷೆಗೆ ಅಂತ ಕೊಟ್ಟ ಗೆಡ್ಡೆನ ಎಬ್ಬಿಸಿದವರನ್ನ ಕೇಳದೆ ಮೂರನೆಯವರಿಗೆ ಕೊಡಬಾರದು ಅನ್ನೋದು ಎರಡು, ನನ್ನ ಸುಣ್ಣದ ಡೇರೆ ನರ್ಸರಿಗೆ ಹೋಗಿದ್ದು ಹಿಂಗೇ, ಯಾರೋ ಪ್ರೀತಿಯಿಂದ ಯಾರಿಗೋ ಕೊಟ್ಟು. ಎಬ್ಬಿಸಿದವರು ತೀರಿಕೊಂಡ್ರೆ ಹೆಸರಿಡೋ ಅಧಿಕಾರ ಮನೆಯವರಿಗಾ ಸಂಘಕ್ಕಾ ಅನ್ನೋದನ್ನೂ ಬರೆದಿಡಿ. ನಮ್ಮಲ್ಲಿ ಅರ್ಧ ಜನಕ್ಕೆ ಎಪ್ಪತ್ತು ದಾಟಿದೆ, ಕೇಳೋಕೆ ಕಷ್ಟ, ಆದ್ರೆ ಕೇಳ್ಲೇಬೇಕು.

ಹೆಸರು: ನಾಲ್ಕು ಪುಸ್ತಕ, ನಾಲ್ಕು ಕೆಲಸ

ಮೊದಲ ಪುಸ್ತಕ ಮನೆಯದ್ದು. ಇದಿಲ್ದೆ ಮುಂದಿನ ಯಾವುದೂ ಆಗಲ್ಲ, ಆದ್ರೂ ಎಲ್ಲರೂ ಹಾರಿಸಿ ಹೋಗೋದು ಇದನ್ನೇ. ಪ್ರತಿ ಬೀಜದ ಗಿಡಕ್ಕೆ ಒಂದು ನಂಬರ್, ಹೆಸರಲ್ಲ, ಬರೀ ನಂಬರ್. ನನ್ನದು 19-07, ಅಂದ್ರೆ 2019ರ ಏಳನೇ ಗಿಡ. ತಾಯಿ ಯಾವುದು, ಪರಾಗ ಯಾವುದರದ್ದು, ಗೊತ್ತಿಲ್ಲಾಂದ್ರೆ ಜೇನು ಮಾಡಿದ್ದು ಅಂತಲೇ ಬರೀರಿ, ಸುಳ್ಳು ಬರೀಬೇಡಿ. ಮೊದಲ ಹೂವಿನ ತಾರೀಖು, ಎತ್ತರ, ಹೂವಿನ ಅಗಲ ಸೆಂಟಿಮೀಟರಲ್ಲಿ, ಯಾರ್ಯಾರಿಗೆ ಗೆಡ್ಡೆ ಕೊಟ್ಟಿದ್ದು ಅನ್ನೋದು. ಗಿಡಕ್ಕೆ ಕಟ್ಟೋ ಚೀಟಿ ಅಲ್ಯೂಮಿನಿಯಂ ತಗಡಿನ ಚೂರು, ಮೊಳೆಯಿಂದ ಒತ್ತಿ ಗೀಚಿದ್ರೆ ಆಗುಂಬೆ ಮಳೆಗೂ ಅಳಿಸಲ್ಲ. ನಾನು ಇದನ್ನ ಕಲಿತಿದ್ದು ತಡವಾಗಿ.

ಕೈಯಲ್ಲಿ ಪರಾಗ ಹಾಕೋರಿಗೆ ಒಂದು ಮಾತು. ಡೇರೆಯ ಹೊರಗಿನ ಎಸಳಿನ ಬುಡದಲ್ಲಿ ಹೆಣ್ಣು ಭಾಗ ಮಾತ್ರ ಇರತ್ತೆ, ನಡುವಿನ ಹಳದಿ ತಟ್ಟೆ ಹೊರಗಿಂದ ಒಳಗೆ ಸುತ್ತು ಸುತ್ತಾಗಿ ದಿನಕ್ಕಷ್ಟು ಅರಳ್ತಾ ಹೋಗತ್ತೆ, ಅದರಲ್ಲಿ ಪರಾಗ. ಹೊರಪ್ರಪಂಚದ ಪುಸ್ತಕದಲ್ಲಿ ಒಣ ಬಿಸಿಲ ದಿನ ಬ್ರಶ್ಶಲ್ಲಿ ಸವರಿ ಅಂತ ಬರೆದಿರ್ತಾರೆ, ಶ್ರಾವಣದಲ್ಲಿ ನಮಗೆಲ್ಲಿ ಒಣ ದಿನ? ನೀರು ನಿಂತು ಹೂವಿನ ಗುಂಡಿಗೆ ಕೊಳೆತೇ ಹೋಗತ್ತೆ. ನಮ್ಮ ಗುಂಪಿನ ಒಬ್ಬರು ಅಡಿಕೆ ಹಾಳೆಯಲ್ಲಿ ಸಣ್ಣ ಟೋಪಿ ಮಾಡಿ ಗೂಟಕ್ಕೆ ಸಿಕ್ಕಿಸಿ ಹೂವಿನ ಮೇಲೆ ಕೊಡೆ ಥರ ನಿಲ್ಲಿಸ್ತಾರೆ, ಸುತ್ತ ಹಳೇ ಸೊಳ್ಳೆ ಪರದೆ ಬಟ್ಟೆಯ ಚೀಲ. ಎಸಳು ಉದುರಿದ ಮೇಲೆ ಕಾಯಿನ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೀರು ಹಿಂಡ್ತಾರೆ, ಹಿಂಡಿದಾಗ ಪಿಚಕ್ ಅಂತ ಕಂದು ನೀರು ಬರತ್ತೆ, ದಿನಾ ಬೆಳಗ್ಗೆ ಅದೇ ಕೆಲಸ. ನಗಬೇಡಿ, ಅವರ ಮನೇಲಿ ಮಾತ್ರ ಬೀಜ ಉಳಿಯೋದು.

ಎರಡನೇ ಪುಸ್ತಕ ಅಂತರರಾಷ್ಟ್ರೀಯ ತಳಿ ಹೆಸರಿನ ರಿಜಿಸ್ಟರು. ಬೆಳೆಸಿದ ಗಿಡಗಳ ಹೆಸರಿಗೆ ಅಂತ ಪ್ರಪಂಚಕ್ಕೆಲ್ಲ ಒಂದು ನಿಯಮ ಪುಸ್ತಕ ಇದೆ, ಮೊದಲು ಬಂದಿದ್ದು 1953ರಲ್ಲಿ, ಒಂಬತ್ತನೇ ಆವೃತ್ತಿ 2016ರಲ್ಲಿ. ಅದರ ಪ್ರಕಾರ ಒಂದೊಂದು ಜಾತಿ ಗಿಡಕ್ಕೆ ಒಂದೊಂದು ಸಂಸ್ಥೆ ಹೆಸರುಗಳ ಲೆಕ್ಕ ಇಡತ್ತೆ. ಡೇರೆಗೆ ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ, 1966ರಿಂದ ಅವರದ್ದೇ. ಗುಲಾಬಿಗೆ ಅಮೆರಿಕನ್ ರೋಸ್ ಸೊಸೈಟಿ. ಆರ್ಕಿಡ್ ಮಿಶ್ರತಳಿಗೂ ಲಂಡನ್ನಿನವರೇ. ಖುಷಿ ವಿಷ್ಯ ಏನಂದ್ರೆ ಬೋಗನ್‌ವಿಲ್ಲಾ ಮತ್ತೆ ಮಾವಿಗೆ ಈ ಕೆಲಸ ಮಾಡೋದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ, ಪೂಸಾ ಅಂತೀವಲ್ಲ ಅದು.

ಇಲ್ಲಿ ಏನಾಗತ್ತೆ, ಏನಾಗಲ್ಲ ಅನ್ನೋದು ಸ್ಪಷ್ಟ ಇರ್ಲಿ. ಹೆಸರು ನಿಮ್ಮ ಗಿಡಕ್ಕೆ ಅಂತ ಬರೆದುಕೊಳ್ತಾರೆ, ಅದೇ ಹೆಸರನ್ನ ಇನ್ನೊಬ್ಬರ ಡೇರೆಗೆ ಕೊಡಲ್ಲ, ಎಬ್ಬಿಸಿದವರು ಯಾರು, ಯಾವ ವರ್ಷ ಅನ್ನೋದು ದಾಖಲೆ ಆಗತ್ತೆ. ಅಷ್ಟೇ. ಹೂವು ಚೆನ್ನಾಗಿದೆಯಾ ಅಂತ ಪರೀಕ್ಷೆ ಮಾಡಲ್ಲ, ಯಾರಾದ್ರೂ ಕದ್ದು ಮಾರಿದ್ರೆ ಅವರು ಬರಲ್ಲ, ಕೋರ್ಟಲ್ಲಿ ಇದು ಮಾಲೀಕತ್ವದ ಪತ್ರ ಅಲ್ಲ. ನಮ್ಮಲ್ಲಿ ಒಬ್ಬರಿಗೆ ಇದು ಕೇಳಿ ಭಾರೀ ನಿರಾಸೆ ಆಯ್ತು, "ಹಂಗಾದ್ರೆ ಏನು ಪ್ರಯೋಜನ ತಂಗಿ?" ಅಂದ್ರು. ನನಗೆ ಮಾತ್ರ ಅಷ್ಟೇ ಸಾಕು, ನನ್ನ ಹೂವಿಗೆ ಸಿನಿಮಾ ನಟಿ ಹೆಸರು ಹೋಗಿ ಸರಿಯಾದ ಹೆಸರು ಬಂದ್ರೆ ಸಾಕು, ಗೆಡ್ಡೆ ಊರೆಲ್ಲ ಹರಡ್ಲಿ.

ಹೆಸರಿನ ನಿಯಮಗಳು ಓದೋಕೆ ಮಜಾ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಜಾಗ ಬಿಟ್ಟು 30 ಅಕ್ಷರ ದಾಟಬಾರದು. 1959ರಿಂದ ಈಚೆಗೆ ಹೊಸ ಹೆಸರು ಲ್ಯಾಟಿನಲ್ಲಿ ಇಡೋ ಹಾಗಿಲ್ಲ, ಕನ್ನಡದಲ್ಲಿ ಧಾರಾಳವಾಗಿ ಇಡಬಹುದು. ಬರೀ "ಕೆಂಪು", "ದೊಡ್ಡದು" ಅಂತ ಗುಣ ಹೇಳೋ ಪದ ಒಂದೇ ಇಟ್ರೆ ಆಗಲ್ಲ. ತಳಿ, ಹೈಬ್ರಿಡ್, ಸೆಲೆಕ್ಷನ್, ಸುಧಾರಿತ ಅನ್ನೋ ಅರ್ಥದ ಇಂಗ್ಲಿಷ್ ಪದಗಳು ಹೆಸರಲ್ಲಿ ಬರಬಾರದು. ಜಗತ್ತಿಗೇ ಶ್ರೇಷ್ಠ ಅನ್ನೋ ಥರ ಬಡಾಯಿ ಬೇಡ. ಬೇರೆ ಗಿಡ ಅಂತ ಗೊಂದಲ ಆಗೋ ಹೆಸರೂ ಬೇಡ, ಡೇರೆಗೆ 'ಮಲ್ಲಿಗೆ' ಅಂತ ಇಡೋಕೆ ಹೊರಟಿದ್ದ ಅತ್ತಿಗೆ ಅಲ್ಲೇ ನಿಂತ್ರು. ಬದುಕಿರೋ ಯಾರದಾದ್ರೂ ಹೆಸರಿಡೋದಾದ್ರೆ ಅವರ ಒಪ್ಪಿಗೆ ತಗೊಳ್ಳಿ. ಬರೆಯುವಾಗ ಹೆಸರಿನ ಎರಡೂ ಕಡೆ ಒಂಟಿ ಉದ್ಧರಣ ಚಿಹ್ನೆ, ಡೇಲಿಯಾ 'ವರದಾಮೂಲ' ಅನ್ನೋ ಹಾಗೆ. ಅಂದಹಾಗೆ ಇದೇ 'ವರದಾಮೂಲ'ದಲ್ಲಿ ನಾವು ಒಂದು ಸಂಜೆ ಕಳೆದ್ವಿ, ಇಂಗ್ಲಿಷಲ್ಲಿ ಮೂ ಬರೆಯೋಕೆ ಎರಡು ಓ ಹಾಕೋದಾ ಒಂದು ಯು ಹಾಕೋದಾ ಅಂತ. ಒಮ್ಮೆ ಹೋದ ಕಾಗುಣಿತ ಹಂಗೇ ಉಳಿಯತ್ತೆ, ಆಮೇಲೆ ಇಂಗ್ಲಿಷಿಗೆ ಅನುವಾದ ಮಾಡಿ ಬೇರೆ ಹೆಸರಲ್ಲಿ ಕರೆದ್ರೂ ನಿಜವಾದ ಹೆಸರು ಮೊದಲಿನದ್ದೇ. ಅದ್ರಿಂದ ಮೊದಲೇ ಯೋಚಿಸಿ, ಅದೇ ಹೆಸರು ಈಗಾಗ್ಲೇ ಇದೆಯಾ ಅಂತ ಅವರ ಪಟ್ಟಿಯಲ್ಲಿ ಹುಡುಕಿ. ಜೊತೆಗೆ ಹೆಸರು ಮತ್ತೆ ವರ್ಣನೆ ತಾರೀಖು ಸಹಿತ ಅಚ್ಚಾದ ಯಾವುದರಲ್ಲಾದ್ರೂ ಬಂದು ಜನರ ಕೈಗೆ ಸೇರಬೇಕು, ಸಂಘದ ವಾರ್ಷಿಕ ಪಟ್ಟಿ ಅಂತ ನಾಲ್ಕು ಪುಟ ಅಚ್ಚು ಹಾಕಿಸೋಕೆ ಇದೂ ಒಂದು ಕಾರಣ. ವಾಟ್ಸಾಪ್ ಸ್ಟೇಟಸ್ಸಲ್ಲಿ ಹಾಕಿದ್ದು ಪ್ರಕಟಣೆ ಅಲ್ಲ.

ಈಗ ಬಣ್ಣದ ಚಾರ್ಟಿನ ಕಥೆ. ಅರ್ಜಿಯಲ್ಲಿ ಬಣ್ಣವನ್ನ "ಕಡು ಮೆರೂನ್" ಅಂತ ಬರೆದ್ರೆ ನಿಮ್ಮ ಮೆರೂನು ನಮ್ಮ ಮೆರೂನು ಒಂದೇನಾ? ಹಂಗಾಗಿ ಆ ಲಂಡನ್ ಸೊಸೈಟಿಯವರದ್ದೇ ಒಂದು ಬಣ್ಣದ ಚಾರ್ಟ್ ಇದೆ, ಬೀಸಣಿಗೆ ಥರ ಬಿಚ್ಚೋ ಪಟ್ಟಿಗಳು, ಒಂಬೈನೂರು ದಾಟಿದ ಬಣ್ಣ, ಪ್ರತಿ ಬಣ್ಣದ ಚೌಕದ ನಡುವೆ ಒಂದು ತೂತು. ತೂತಿನ ಹಿಂದೆ ಎಸಳು ಹಿಡಿದು ನೋಡೋದು, ಬಣ್ಣ ಕೂಡಿದ್ರೆ ಆ ನಂಬರ್ ಬರೆಯೋದು. ಬೆಲೆ ಒಬ್ಬರ ಕೈಗೆ ಎಟುಕೋದಲ್ಲ, ಒಂದು ಮನೆಯವರು ತಗೊಂಡು ಅಟ್ಟದ ಮೇಲೆ ಇಡೋ ಸಾಮಾನೂ ಅಲ್ಲ. ನಮ್ಮ ಗುಂಪಿನ ಒಬ್ಬರ ಮಗಳು ಹೊರದೇಶದಿಂದ ಬರುವಾಗ ಕೆಲಸದ ಜಾಗದ ಹಳೇದೊಂದು ತಂದಿದ್ಲು, ಒಂದು ವಾರಕ್ಕೆ ಅಂತ. ಅವತ್ತು ಮೋಡದ ಬೆಳಕು, ಬಿಸಿಲು ನೇರ ಬೀಳದ ಚಾವಡಿ ಮೆಟ್ಟಿಲ ಮೇಲೆ ಕೂತು 19-07ರ ಎಸಳು ಹಿಡಿದು ನೋಡಿದ್ರೆ ನಾವು ಮೆರೂನ್ ಅಂತಿದ್ದುದು ನೇರಳೆ ಕೆಂಪಿನ ಪಟ್ಟಿಗೆ ಹೋಗಿ ಕೂಡ್ತು. ಬಿಳಿ ಅಂದಿದ್ದು ಬಿಳಿಯೇ ಅಲ್ಲ, ತೆಳು ಹಸಿರು ಬಿಳಿ. ಆರು ವರ್ಷ ನೋಡಿದ ಹೂವು! ಇಂಥ ಸಾಮಾನು ಹತ್ತು ಮನೆ ಸೇರಿ ತಗೊಂಡು ಸಂಘದ ಹೆಸರಲ್ಲಿ ಇಟ್ರೆ ಮಾತ್ರ ಸಾಗೋದು ಅಂತ ಅವತ್ತೇ ತೀರ್ಮಾನ ಆಗಿದ್ದು.

ಮೂರನೇ ಪುಸ್ತಕ ಸರ್ಕಾರದ್ದು, ಹಕ್ಕಿನದ್ದು. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001. ಇದರ ಪ್ರಾಧಿಕಾರ ದೆಹಲಿಯಲ್ಲಿ, 2005ರಲ್ಲಿ ಶುರುವಾಗಿದ್ದು, ನಮಗೆ ಅನುಕೂಲ ಅಂದ್ರೆ ಅದರ ಶಾಖಾ ಕಚೇರಿ ಶಿವಮೊಗ್ಗದಲ್ಲೇ ಕೃಷಿ ವಿಶ್ವವಿದ್ಯಾಲಯದಲ್ಲಿದೆ. ಇಲ್ಲಿ ನೋಂದಣಿ ಆದ್ರೆ ನಿಜವಾದ ಹಕ್ಕು ಬರತ್ತೆ, ಮರ ಬಳ್ಳಿಗಳಿಗೆ 18 ವರ್ಷ, ಉಳಿದ ಬೆಳೆಗೆ 15 ವರ್ಷದ ತನಕ. ಆದ್ರೆ ಗಿಡ ಬೇರೆಯದರಿಂದ ಭಿನ್ನ, ಏಕರೂಪ, ಸ್ಥಿರ ಅಂತ ಪರೀಕ್ಷೆ ಆಗ್ಬೇಕು. ಹೊಸ ತಳಿ ಅಂತ ಹಾಕೋದಾದ್ರೆ ಅರ್ಜಿಗೆ ಮೊದಲು ದೇಶದೊಳಗೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಮಾರಾಟ ಆಗಿರಬಾರದು, ಅಂದ್ರೆ ನನ್ನ ಸುಣ್ಣದ ಡೇರೆಯಂಥದ್ದು ಈ ಬಾಗಿಲಲ್ಲಿ ಒಳಗೆ ಹೋಗೋದು ಕಷ್ಟ. ಮತ್ತೆ ಸರ್ಕಾರ ಅಧಿಸೂಚನೆ ಹೊರಡಿಸಿದ ಜಾತಿ ಗಿಡಗಳಿಗೆ ಮಾತ್ರ ಇದು, ನಿಮ್ಮ ಗಿಡ ಆ ಪಟ್ಟಿಯಲ್ಲಿದೆಯಾ ಅಂತ ಮೊದಲು ಕೇಳ್ಕೊಂಡೇ ಮುಂದೆ ಹೋಗಿ. ಮಾವು, ಕರಿಮೆಣಸು, ಭತ್ತ, ಗುಲಾಬಿ, ಸೇವಂತಿಗೆ ಇವೆಲ್ಲ ಇವೆ.

ಅಪ್ಪೆಮಿಡಿ, ಮೆಣಸು, ಹಳೇ ಭತ್ತ ಇಟ್ಕೊಂಡಿರೋರಿಗೆ ಈ ಕಾಯ್ದೆಯ ಇನ್ನೊಂದು ಬಾಗಿಲು ಒಳ್ಳೇದು: ರೈತರ ತಳಿ ಅನ್ನೋ ವರ್ಗ. ಇದಕ್ಕೆ ನೋಂದಣಿ ಶುಲ್ಕ ಇಲ್ಲ, ಹೊಸತೇ ಆಗಿರಬೇಕು ಅನ್ನೋ ಷರತ್ತೂ ಇಲ್ಲ. ಅರ್ಜಿ ಜೊತೆ ಪಂಚಾಯ್ತಿಯ ಜೀವವೈವಿಧ್ಯ ಸಮಿತಿಯವರೋ ಕೃಷಿ ಅಧಿಕಾರಿಗಳೋ ವಿವಿಯ ಸಂಶೋಧನಾ ನಿರ್ದೇಶಕರೋ ದೃಢೀಕರಿಸಿದ ಪತ್ರ ಬೇಕು. ಸಂಘ ಇದ್ರೆ ಸಮುದಾಯದ ಹೆಸರಲ್ಲೂ ಹಾಕಬಹುದು. ಹೆಸರಿನ ನಿಯಮ ಮಾತ್ರ ಇಲ್ಲಿ ಬೇರೆ, ಬರೀ ಅಂಕಿ ಇಡೋ ಹಾಗಿಲ್ಲ, ಊರಿನ ಹೆಸರು ಸೇರಿದ್ರೆ ಅಧಿಕಾರಿಗೆ ಪ್ರಾಮಾಣಿಕ ಬಳಕೆ ಅಂತ ಅನ್ನಿಸ್ಬೇಕು. 'ಮಾಳಂಜಿ ಅಪ್ಪೆ'ಯಂಥ ಹೆಸರಿಟ್ಟೋರು ಮರ ಎಲ್ಲಿತ್ತು ಅನ್ನೋ ದಾಖಲೆ ಕೈಲಿಟ್ಕೊಂಡೇ ಹೋಗಿ. ನೋಂದಣಿ ಯಾರೇ ಮಾಡಿಸಿರ್ಲಿ, ರೈತ ತನ್ನ ಬೆಳೆಯ ಬೀಜ ಇಟ್ಕೊಳ್ಳೋದು, ಬಿತ್ತೋದು, ಹಂಚೋದು, ಬ್ರ್ಯಾಂಡ್ ಹಾಕದೆ ಮಾರೋದು ಈ ಕಾಯ್ದೆಯಲ್ಲೇ ಹಕ್ಕಾಗಿ ಉಳಿದಿದೆ.

ಅಪ್ಪೆಮಿಡಿ ವಿಷಯದಲ್ಲಿ ಹೆಸರಿನ ಗೋಜಲು ಡೇರೆಗಿಂತ ಹತ್ತು ಪಟ್ಟು. ಜೀರಿಗೆ ವಾಸನೆ ಬಂದಿದ್ದೆಲ್ಲ ಜೀರಿಗೆ ಅಪ್ಪೆ, ಸಾಗರದ ಜೀರಿಗೆ ಮತ್ತೆ ಸಿದ್ದಾಪುರದ ಜೀರಿಗೆ ಒಂದೇ ಮರದ ಕಸಿಯಾ ಅಂತ ಕೇಳಿದ್ರೆ ಉತ್ತರ ಇಲ್ಲ. ಅನಂತಭಟ್ಟನ ಅಪ್ಪೆಯಂಥ ಹೆಸರಲ್ಲಾದ್ರೂ ಒಬ್ಬ ಮನುಷ್ಯನ ಗುರುತಿದೆ. ಕೆಲವರು "ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಗುರುತು) ಸಿಕ್ಕಿದೆಯಲ್ಲ, ಮತ್ಯಾಕೆ ನೋಂದಣಿ" ಅಂತಾರೆ. ಜಿಐ ನಾಲ್ಕನೇ ಪುಸ್ತಕ, ಅದು ಈ ಸೀಮೆಯ ಮಿಡಿ ಅನ್ನೋ ಗುರುತು, ಸೀಮೆಯವರಿಗೆಲ್ಲ ಸೇರಿದ್ದು. ನಿಮ್ಮ ಹೊಳೆದಂಡೆಯ ಒಂದು ಮರ, ಅದರ ಸೊನೆ, ಉಪ್ಪುನೀರಲ್ಲಿ ಎಷ್ಟು ವರ್ಷ ಗಟ್ಟಿ ಉಳಿಯತ್ತೆ ಅನ್ನೋದು ಜಿಐ ಕಾಗದದಲ್ಲಿ ಇರಲ್ಲ. ಟ್ರೇಡ್‌ಮಾರ್ಕ್ ಮಾಡಿಸಿ ಅಂತ ಸಲಹೆ ಕೊಡೋರೂ ಇದಾರೆ, ತಳಿಯ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡೋದು ಈ ಪದ್ಧತಿಗೇ ವಿರುದ್ಧ. ಪೇಟೆಂಟ್ ಮಾತಂತೂ ಬಿಡಿ, ನಮ್ಮ ಕಾಯ್ದೆಯಲ್ಲಿ ಗಿಡಕ್ಕೆ ತಳಿಗೆ ಪೇಟೆಂಟೇ ಇಲ್ಲ.

ಮರ ಒಂದೇ ಇದ್ದು ಅದು ನಿಜವಾಗ್ಲೂ ಅಪರೂಪದ್ದಾಗಿದ್ರೆ ಸಂಶೋಧನಾ ಸಂಸ್ಥೆ ಜೊತೆ ಕೈ ಜೋಡಿಸೋದೂ ಒಂದು ದಾರಿ. ತುಮಕೂರು ಜಿಲ್ಲೆಯ ಸಿದ್ದು ಹಲಸು ಹಂಗೇ ಆಗಿದ್ದು, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್ 2017ರಲ್ಲಿ ಮರದ ಮನೆಯವರ ಜೊತೆ ಒಪ್ಪಂದ ಮಾಡ್ಕೊಂಡು ಕಸಿ ಗಿಡ ಮಾಡಿ ಮಾರ್ತು, ಮನೆಯವರಿಗೆ ಪಾಲು, ಮರ ನೆಟ್ಟ ಹಿರಿಯರ ಹೆಸರೇ ತಳಿಗೆ. ನನ್ನ ಕೇಳಿದ್ರೆ ಹಲಸು, ಮಾವಿನ ಒಂಟಿ ಮರ ಇರೋರಿಗೆ ಸಂಘಕ್ಕಿಂತ ಮೊದಲು ಇದೇ ಬಾಗಿಲು ತಟ್ಟೋದು ಜಾಣತನ, ಮಾತಾಡಿದ್ದೆಲ್ಲ ಕಾಗದದಲ್ಲಿ ಇರ್ಲಿ ಅಷ್ಟೇ.

ಕಾಡಿನ ಸೀತಾಳೆ ದಂಡೆ (ಮರದ ಮೇಲೆ ಬೆಳೆಯೋ ಆರ್ಕಿಡ್) ತಂದು ಸಾಕಿ ಅದಕ್ಕೆ ಹೆಸರು ಕೊಡಿಸ್ತೀನಿ ಅಂತ ಒಬ್ಬ ಹುಡುಗ ಬಂದಿದ್ದ. ಕಾಡಿಂದ ಕಿತ್ತಿದ್ದನ್ನ ನಮ್ಮ ಸಂಘದ ಮೆಟ್ಟಿಲು ಹತ್ತಿಸಲ್ಲ ಅಂತ ಕಳಿಸಿದ್ವಿ, ಬೈಲಾದಲ್ಲೂ ಹಾಕ್ತಿದೀವಿ.

ಹಂಗಾದ್ರೆ ಯಾರಿಗೆ ಯಾವುದು

ಡೇರೆ, ಗುಲಾಬಿ, ದಾಸವಾಳ ಥರ ಅಂದಕ್ಕೆ ಬೆಳೆದು ಹಂಚೋ ಗಿಡ ಆದ್ರೆ ಮನೆ ಪುಸ್ತಕ ಮತ್ತೆ ಅಂತರರಾಷ್ಟ್ರೀಯ ಹೆಸರಿನ ರಿಜಿಸ್ಟರ್ ಸಾಕು, ಕಮ್ಮಿ ಅಂದ್ರೆ ಮೂರು ಮಳೆಗಾಲ ನೋಡಿ ಆಮೇಲೆ ಕಳಿಸಿ. ಮೊದಲ ವರ್ಷ ಚಂದ ಕಂಡಿದ್ದು ಎರಡನೇ ವರ್ಷ ಗೆಡ್ಡೆಯೇ ಕಟ್ಟಲ್ಲ, ಇಲ್ಲಾ ಎಲೆ ಮೇಲೆ ಹಳದಿ ಗೆರೆ ಬಂದು ವೈರಸ್ ಅಂತ ಕಿತ್ತು ಸುಡೋದಾಗತ್ತೆ. ತಿನ್ನೋ ಬೆಳೆ, ದುಡ್ಡಿನ ಬೆಳೆ ಆದ್ರೆ ಶಿವಮೊಗ್ಗದ ಶಾಖಾ ಕಚೇರಿ, ರೈತರ ತಳಿ ಅರ್ಜಿ. ಬೋಗನ್‌ವಿಲ್ಲಾದವರು ಪೂಸಾಕ್ಕೆ ಬರೀರಿ, ಲಂಡನ್ ತನಕ ಹೋಗೋದೇ ಬೇಡ. ಸಂಘ ಯಾವ ಥರ ಅನ್ನೋದು ಇದೆಲ್ಲ ಆದ ಮೇಲೆ, ದುಡ್ಡು ಮತ್ತೆ ಚಾರ್ಟು ಯಾರ ಹೆಸರಲ್ಲಿ ಇರ್ಬೇಕು ಅನ್ನೋ ಪ್ರಶ್ನೆ ಬಂದಾಗ ನೋಡಿದ್ರೆ ಸಾಕು.

ನಮ್ಮ ಸಂಘದ ಅರ್ಜಿಗೆ ಒಂಬತ್ತು ಜನ ಸಹಿ ಹಾಕಿ ಆಗಿದೆ, ಬೈಲಾದ ಗೆಡ್ಡೆ ಕಲಮು ಇನ್ನೂ ಎರಡು ಸಲ ತಿದ್ದಬೇಕು. 19-07ಕ್ಕೆ ಹೆಸರು ಮಾತ್ರ ಆಗಿಲ್ಲ. ನನಗೆ 'ಸುಣ್ಣದಂಚು' ಅಂತ ಆಸೆ, ಅತ್ತೆಯವರು ಮಾತ್ರ ಸುಣ್ಣ ಅಂತ ಯಾರಾದ್ರೂ ಹೂವಿಗೆ ಹೆಸರಿಡ್ತಾರಾ ಅಂತ ಒಪ್ಪಿಲ್ಲ, ಅವರದ್ದು 'ಕವಳದ ತುಟಿ'. ಈ ಚೌತಿಗೆ ಹೂವು ಬಿಟ್ಟ ಮೇಲೆ ಚಾವಡಿ ಮೆಟ್ಟಿಲ ಮೇಲೆ ಇಟ್ಕೊಂಡು ಕೈ ಎತ್ತಿಸಿ ಕೇಳೋದು ಅಂತಾಗಿದೆ.